ತಿಪ್ಪೆಯಿಂದ ಬಾವಿಗೆ ಒಂದು ಕಾಣದ ಕಾಲುವೆ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೊರಟರೆ ತೊರವಿ ದಾಟಿದ ಮೇಲೆ ತಿಕೋಟಾದ ಸೀಮೆ ಬರುತ್ತದೆ. ರಸ್ತೆಯ ಎರಡೂ ಬದಿಗೆ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿ ಮಾಡುವ ಶೆಡ್ಡುಗಳು, ನಡುನಡುವೆ ದೊಡ್ಡ ದೊಡ್ಡ ಕೃಷಿ ಹೊಂಡಗಳು. ಹೊಂಡಗಳಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಬಿಸಿಲಿಗೆ ಫಳಫಳ ಹೊಳೆಯುವುದನ್ನು ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ಮಳೆ ಕಡಿಮೆ ಇರುವ ಈ ನಾಡಿನಲ್ಲಿ ಹೊಂಡದ ಒಂದು ಹನಿಯೂ ನೆಲಕ್ಕೆ ಇಳಿಯಬಾರದೆಂದು ರೈತ ಸಾಲ ಮಾಡಿಯಾದರೂ ಹಾಳೆ ಹಾಸುತ್ತಾನೆ. ಅದೇ ರೈತನ ವಸ್ತಿಗೆ ಹೋಗಿ ದನದ ಕೊಟ್ಟಿಗೆಯ ಹಿಂದೆ ನೋಡಿರಿ. ಅಲ್ಲಿ ಇನ್ನೊಂದು ಹೊಂಡವಿದೆ. ಅದರಲ್ಲಿ ಸೆಗಣಿ, ಗಂಜಲ, ಕೊಟ್ಟಿಗೆ ತೊಳೆದ ನೀರು ನಿಂತಿರುತ್ತದೆ. ಅದಕ್ಕೆ ಮಾತ್ರ ಯಾವ ಹಾಳೆಯೂ ಇಲ್ಲ. ಅದರ ತಳದಲ್ಲಿರುವುದು ಬರೀ ನೆಲ.

ಈ ಎರಡನೆಯ ಹೊಂಡದ ನೀರು ಎಲ್ಲಿಗೆ ಹೋಗುತ್ತದೆ? ಸುಮಾರು ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದ ನಾನೇ ಈ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ಅದನ್ನು ನನಗೆ ಕೇಳಿಸಿದವರು ಎಂಟನೆಯ ತರಗತಿಯ ಮಕ್ಕಳು.

ಗುಲಾಬಿ ಬಣ್ಣದ ಬಾಟಲಿ

ಒಮ್ಮೆ ಮಕ್ಕಳಿಗೆ, ‘ನಿಮ್ಮ ನಿಮ್ಮ ಮನೆಯ ಕುಡಿಯುವ ನೀರನ್ನು ಒಂದೊಂದು ಬಾಟಲಿ ತೊಳೆದು ತುಂಬಿಕೊಂಡು ಬನ್ನಿರಿ’ ಎಂದು ಹೇಳಿದ್ದೆ. ಈಗ ಹಳ್ಳಿಗಳಲ್ಲಿ ನೀರು ಪರೀಕ್ಷೆಯ ಪುಟ್ಟ ಪೆಟ್ಟಿಗೆಗಳು ಸಿಗುತ್ತವೆ. ನೀರಿಗೆ ಪುಡಿ ಹಾಕಿ ಅಲ್ಲಾಡಿಸಿ, ಮೂಡಿದ ಬಣ್ಣವನ್ನು ಕಾರ್ಡಿನ ಮೇಲಿನ ಬಣ್ಣಕ್ಕೆ ಹೋಲಿಸಿದರೆ ನೈಟ್ರೇಟ್ ಎಷ್ಟಿದೆಯೆಂದು ಅಂದಾಜು ತಿಳಿಯುತ್ತದೆ. ಭಾರತೀಯ ಮಾನಕ ಬ್ಯೂರೋದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು.

ಕೆಲವು ಬಾಟಲಿಗಳಲ್ಲಿ ತಿಳಿ ಗುಲಾಬಿ ಬಣ್ಣ ಬಂತು, ಕೆಲವು ಬಿಳಿಯಾಗಿಯೇ ಉಳಿದವು. ಒಂದು ಬಾಟಲಿ ಮಾತ್ರ ಗಾಢ ಗುಲಾಬಿಯಾಗಿ 45ರ ಮನೆಯನ್ನು ದಾಟಿಬಿಟ್ಟಿತು. ಅದನ್ನು ತಂದವಳು ನನ್ನ ಅಣ್ಣನ ಮೊಮ್ಮಗಳು. ಅದು ನಮ್ಮ ತೋಟದ ವಸ್ತಿಯ ಬಾವಿಯ ನೀರು, ನಾನು ಹುಟ್ಟಿ ಬೆಳೆದು ಕುಡಿದ ನೀರು.

ನನ್ನ ಎದೆ ಧಸಕ್ಕೆಂದಿತು. ಅದಕ್ಕೊಂದು ಕಾರಣವಿತ್ತು. ವಸ್ತಿಯಲ್ಲಿ ಆಗ ಮೂರು ತಿಂಗಳ ಕೂಸಿತ್ತು. ತಾಯಿಯ ಹಾಲು ಸಾಲದೆ ಡಬ್ಬಿಯ ಹಾಲಿನ ಪುಡಿ ಕಲಸಿ ಕುಡಿಸುತ್ತಿದ್ದರು. ‘ಬಾವಿ ನೀರು ಹಾಂಗ ಕೊಡಬ್ಯಾಡ್ರಿ, ಚಲೋತಂಗ ಕುದಿಸಿ ಕೊಡ್ರಿ’ ಎಂದು ಹೇಳಿದವನು ನಾನೇ. ಕುದಿಸಿದರೆ ರೋಗಾಣುಗಳು ಸಾಯುತ್ತವೆ ನಿಜ. ಆದರೆ ನೈಟ್ರೇಟ್ ಒಂದು ಲವಣ, ಅದು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ನೈಟ್ರೇಟಿನ ಪ್ರಮಾಣ ಏರುತ್ತದೆ. ಮಾಸ್ತರನ ಸಲಹೆ ಅರ್ಧ ಸರಿಯಾಗಿ ಅರ್ಧ ತಪ್ಪಾಗಿತ್ತು. ಅಂದು ಸಂಜೆಯೇ ಹೋಗಿ ಕೂಸಿಗೆ ಬೇರೆ ನೀರಿನ ವ್ಯವಸ್ಥೆ ಮಾಡಿಸಿದೆ. ಕೂಸಿಗೆ ಏನೂ ಆಗಿರಲಿಲ್ಲ.

ತಿಪ್ಪೆಯೊಳಗೆ ನಡೆಯುವುದೇನು?

ತಿಪ್ಪೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ದೀಪಾವಳಿಯಲ್ಲಿ ಸೆಗಣಿಯ ಪಾಂಡವರನ್ನಿಟ್ಟು ಪೂಜಿಸುವ, ತಿಪ್ಪೆಗೂ ಒಂದು ದೀಪ ಹಚ್ಚಿಡುವ ನಾಡು ನಮ್ಮದು. ತಿಪ್ಪೆ ಒಕ್ಕಲುತನದ ಬ್ಯಾಂಕು. ಆ ಬ್ಯಾಂಕಿನ ತಳ ಸೋರುತ್ತಿದೆ ಎಂಬುದಷ್ಟೇ ಇಲ್ಲಿಯ ಮಾತು.

ದನದ ಮೈಯಿಂದ ಹೊರಬರುವ ಸಾರಜನಕದಲ್ಲಿ ಸುಮಾರು ಅರ್ಧ ಪಾಲು ಗಂಜಲದಲ್ಲಿರುತ್ತದೆ. ಗಂಜಲದ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಕೊಟ್ಟಿಗೆಯಲ್ಲಿ ಮೂಗಿಗೆ ಬಡಿಯುವ ಘಾಟು ಇದೇ. ಇದರಲ್ಲಿ ಕೆಲವು ಭಾಗ ಗಾಳಿಗೆ ಹಾರಿಹೋಗುತ್ತದೆ, ಉಳಿದದ್ದು ಅಮೋನಿಯಂ ರೂಪದಲ್ಲಿ ನೀರಿನಲ್ಲಿ ಕರಗಿರುತ್ತದೆ. ಗಾಳಿಯಾಡುವ ಮಣ್ಣಿಗೆ ಇದು ಇಳಿದಾಗ ನೈಟ್ರೊಸೋಮೊನಾಸ್ ಮೊದಲಾದ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ, ನೈಟ್ರೊಬ್ಯಾಕ್ಟರ್ ಮೊದಲಾದವು ಮುಂದೆ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ವಿದ್ಯಾರ್ಥಿಗಳು ಪಠ್ಯಪುಸ್ತಕದಲ್ಲಿ ಬಾಣದ ಗುರುತು ಹಾಕಿ ಕಲಿಯುವ ಸಾರಜನಕ ಚಕ್ರ ಇದೇ.

ಇಲ್ಲೊಂದು ಮುಖ್ಯ ವಿಷಯವಿದೆ. ಅಮೋನಿಯಂ ಧನ ಆವೇಶದ ಅಯಾನು, ಜೇಡಿಮಣ್ಣಿನ ಕಣಗಳ ಮೈ ಋಣ ಆವೇಶದ್ದು. ಆದ್ದರಿಂದ ಮಣ್ಣು ಅಮೋನಿಯಂ ಅನ್ನು ಹಿಡಿದುಕೊಳ್ಳುತ್ತದೆ. ನೈಟ್ರೇಟ್ ಋಣ ಆವೇಶದ್ದಾದ್ದರಿಂದ ಮಣ್ಣಿಗೆ ಅದನ್ನು ಹಿಡಿಯಲು ಬರುವುದಿಲ್ಲ. ನೀರು ಎತ್ತ ಹೋದರೆ ನೈಟ್ರೇಟೂ ಅತ್ತ ಹೋಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ತಿಳಿಯದು. ತಿಳಿಯಾದ ನೀರೆಲ್ಲ ಶುದ್ಧ ನೀರಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ನಮ್ಮ ಎರೆಮಣ್ಣಿನ ಗುಣ

‘ನಮ್ಮದು ಎರೆಭೂಮಿ, ನೀರು ಜಗ್ಗುವುದಿಲ್ಲ, ಕೆಳಗೆ ಹೇಗೆ ಇಳಿದೀತು?’ ಎಂದು ಕೇಳುವವರಿದ್ದಾರೆ. ಎರೆಮಣ್ಣು ಹಸಿಯಾದಾಗ ಉಬ್ಬಿ ಬಾಗಿಲು ಮುಚ್ಚುತ್ತದೆ, ನಿಜ. ಆದರೆ ಚೈತ್ರ ವೈಶಾಖದ ಬಿಸಿಲಿಗೆ ಅದು ಬಿರಿಯುವುದನ್ನು ಕಾಣದವರಾರು? ಕೈ ತೂರುವಷ್ಟು ಅಗಲದ ಬಿರುಕುಗಳು ಆಳಕ್ಕೆ ಹೋಗಿರುತ್ತವೆ. ನಾವು ತಿಪ್ಪೆಯನ್ನು ಖಾಲಿ ಮಾಡುವುದೂ ಆ ಕಾಲದಲ್ಲೇ. ಮುಂಗಾರಿಗೆ ಮೊದಲು ಗೊಬ್ಬರವನ್ನು ಚಕ್ಕಡಿಗೆ, ಟ್ರ್ಯಾಕ್ಟರಿಗೆ ಹೇರಿ ಹೊಲಕ್ಕೆ ಸಾಗಿಸುತ್ತೇವೆ. ವರ್ಷವೆಲ್ಲ ಹಸಿಯಾಗಿದ್ದ ಗುಂಡಿಯ ತಳ ಆಗ ಒಣಗಿ ಬಿರಿಯುತ್ತದೆ, ಬಿರುಕಿನೊಳಗೆ ಗಾಳಿಯಾಡುತ್ತದೆ, ಮಣ್ಣು ಹಿಡಿದಿಟ್ಟುಕೊಂಡಿದ್ದ ಅಮೋನಿಯಂ ನೈಟ್ರೇಟ್ ಆಗುತ್ತದೆ. ಮೊದಲ ದೊಡ್ಡ ಮಳೆ ಬಿದ್ದಾಗ ಬಿರುಕುಗಳು ಮುಚ್ಚುವ ಮೊದಲೇ ನೀರು ಅದೆಲ್ಲವನ್ನೂ ಹೊತ್ತು ಕೆಳಗಿಳಿಯುತ್ತದೆ.

ಎರೆಮಣ್ಣಿನ ಕೆಳಗೆ ಗರಸು, ಗರಸಿನ ಕೆಳಗೆ ಕರಿಕಲ್ಲು. ಇದು ಜ್ವಾಲಾಮುಖಿಯ ಲಾವಾ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ದಖ್ಖನ್ ಬಸಾಲ್ಟ್ ಶಿಲೆ. ಗಟ್ಟಿ ಶಿಲೆಯೊಳಗೆ ನೀರಿಲ್ಲ. ನೀರಿರುವುದು ಸವೆದ ಗರಸಿನಲ್ಲಿ, ಶಿಲೆಯ ಬಿರುಕುಗಳಲ್ಲಿ, ಎರಡು ಪದರಗಳ ನಡುವಿನ ಸಂದಿಯಲ್ಲಿ. ಮರಳುನೆಲದಲ್ಲಿ ನೀರು ಮೆಲ್ಲಗೆ ಸೋಸಿಕೊಂಡು ಹೋದರೆ, ಇಲ್ಲಿ ಬಿರುಕಿನ ಗುಂಟ ಕೊಳವೆಯಲ್ಲಿ ಹರಿದಂತೆ ಹರಿಯುತ್ತದೆ. ಸೋಸುವ ಅವಕಾಶ ಕಡಿಮೆ.

ನೆಲದೊಳಗೆ ನೀರು ಪ್ರಯಾಣ ಮಾಡುತ್ತದೆ ಎಂಬುದಕ್ಕೆ ತಿಕೋಟಾದವರು ದೂರ ಹೋಗಬೇಕಾಗಿಲ್ಲ. ತೊರವಿಯ ಬಳಿಯ ಸುರಂಗ ಬಾವಡಿಯನ್ನು ಮಕ್ಕಳಿಗೆ ತೋರಿಸಿರಿ. ಆದಿಲ್‌ಶಾಹಿಗಳ ಕಾಲದಲ್ಲಿ ನೆಲದಡಿ ಸುರಂಗ ಕೊರೆದು, ಅಲ್ಲಲ್ಲಿ ಗಾಳಿಕಿಂಡಿಗಳಂಥ ಬಾವಿ ತೋಡಿ, ಪಶ್ಚಿಮದ ನೀರನ್ನು ನಗರಕ್ಕೆ ಒಯ್ದರು. ಈ ಪದ್ಧತಿಗೆ ಕರೇಜ್ ಎಂದು ಹೆಸರು. ಅದು ಮನುಷ್ಯ ತಿಳಿದು ಮಾಡಿದ ಒಳಗಾಲುವೆ. ತಿಪ್ಪೆಯಿಂದ ಬಾವಿಗೆ ನಾವು ಮಾಡಿಕೊಟ್ಟದ್ದು ತಿಳಿಯದೆ ಮಾಡಿದ ಒಳಗಾಲುವೆ.

ಒಂದು ಸಣ್ಣ ಲೆಕ್ಕ

ವಿದ್ಯಾರ್ಥಿ ಮಿತ್ರರೇ, ಪೆನ್ಸಿಲು ತೆಗೆದುಕೊಳ್ಳಿರಿ. ಒಂದು ದನ ದಿನಕ್ಕೆ 10 ಕಿಲೋ ಸೆಗಣಿ ಹಾಕುತ್ತದೆಂದು ಹಿಡಿಯೋಣ. ಆರು ದನಗಳ ವಸ್ತಿಯಲ್ಲಿ ದಿನಕ್ಕೆ 60 ಕಿಲೋ, ವರ್ಷಕ್ಕೆ ಸುಮಾರು 22 ಟನ್. ಒಣಗಿ ಕೊಳೆತು ಅರ್ಧಕ್ಕಿಳಿದರೂ 10 ಟನ್ ಗೊಬ್ಬರ ಉಳಿಯಿತೆನ್ನಿ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇಕಡಾ 0.5. ಅಂದರೆ 10 ಟನ್ನಿನಲ್ಲಿ 50 ಕಿಲೋ.

ಇದರಲ್ಲಿ ಹತ್ತನೆಯ ಒಂದು ಪಾಲು, ಅಂದರೆ 5 ಕಿಲೋ, ನೈಟ್ರೇಟ್ ರೂಪದಲ್ಲಿ ಕೆಳಗಿಳಿಯಿತೆಂದು ಭಾವಿಸಿರಿ. ಸಾರಜನಕದ ಪರಮಾಣು ತೂಕ 14, ನೈಟ್ರೇಟಿನ ತೂಕ 62. ಆದ್ದರಿಂದ 5 ಕಿಲೋ ಸಾರಜನಕದಿಂದ ಸುಮಾರು 22 ಕಿಲೋ ನೈಟ್ರೇಟ್. ಇದನ್ನು ಲೀಟರಿಗೆ 45 ಮಿಲಿಗ್ರಾಮಿನಂತೆ ಹಂಚಿದರೆ 4 ಲಕ್ಷ 90 ಸಾವಿರ ಲೀಟರು ನೀರು ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. 6 ಮೀಟರು ಅಗಲದ ಬಾವಿಯಲ್ಲಿ 3 ಮೀಟರು ನೀರಿದ್ದರೆ ಅದು ಸುಮಾರು 85 ಸಾವಿರ ಲೀಟರು. ಅಂಥ ಆರು ಬಾವಿಗಳ ನೀರಿಗೆ ಒಂದು ತಿಪ್ಪೆಯ ಸೋರಿಕೆ ಸಾಕು!

ಲೆಕ್ಕದ ಇನ್ನೊಂದು ಮುಖವನ್ನೂ ನೋಡಿರಿ. ಸೋರಿಹೋದ 5 ಕಿಲೋ ಸಾರಜನಕವೆಂದರೆ ಸುಮಾರು 11 ಕಿಲೋ ಯೂರಿಯಾ. ರೈತ ಅಂಗಡಿಯಲ್ಲಿ ಸರತಿ ನಿಂತು ತರುವುದನ್ನು ಮನೆಯ ಹಿಂದೆ ನೆಲದ ಪಾಲು ಮಾಡುತ್ತಿದ್ದಾನೆ.

ಬೇರೆ ದೇಶಗಳು ಕಲಿತ ಪಾಠ

1945ರಲ್ಲಿ ಅಮೆರಿಕದ ಅಯೋವಾ ರಾಜ್ಯದ ವೈದ್ಯ ಹಂಟರ್ ಕೋಮ್ಲಿ ಎಂಬುವರು ಒಂದು ವಿಚಿತ್ರ ಕಾಯಿಲೆಯ ಬಗ್ಗೆ ಬರೆದರು. ಹಳ್ಳಿಯ ತೋಟದ ಮನೆಗಳ ಎಳೆಗೂಸುಗಳ ಮೈ ನೀಲಿಗಟ್ಟುತ್ತಿತ್ತು. ಹೃದಯದಲ್ಲಿ ದೋಷವಿರಲಿಲ್ಲ. ಆ ಕೂಸುಗಳಿಗೆ ಬಾವಿಯ ನೀರಿನಲ್ಲಿ ಕಲಸಿದ ಹಾಲು ಕುಡಿಸುತ್ತಿದ್ದರು, ಬಾವಿಯ ನೀರಿನಲ್ಲಿ ನೈಟ್ರೇಟ್ ಬಹಳವಿತ್ತು. ಎಳೆಗೂಸಿನ ಹೊಟ್ಟೆಯಲ್ಲಿ ಆಮ್ಲ ಕಡಿಮೆಯಿರುವುದರಿಂದ ಅಲ್ಲಿ ಬ್ಯಾಕ್ಟೀರಿಯಗಳು ಬೆಳೆದು ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್ನಿನಲ್ಲಿರುವ ಕಬ್ಬಿಣದ ಸ್ವರೂಪವನ್ನು ಬದಲಿಸಿ, ಅದು ಆಮ್ಲಜನಕ ಹೊರದಂತೆ ಮಾಡುತ್ತದೆ. ಆರು ತಿಂಗಳೊಳಗಿನ ಕೂಸುಗಳಿಗೆ ಇದರ ಅಪಾಯ ಹೆಚ್ಚು. ಎದೆಹಾಲು ಕುಡಿಯುವ ಕೂಸಿಗೆ ಈ ಭಯ ಬಹಳ ಕಡಿಮೆ. ಆಕಳು ಎಮ್ಮೆಗಳಿಗೂ ನೈಟ್ರೇಟ್ ಒಳ್ಳೆಯದಲ್ಲ. ಅವುಗಳ ಮೆಲುಕು ಚೀಲದಲ್ಲಿಯೂ ನೈಟ್ರೈಟ್ ತಯಾರಾಗುತ್ತದೆ.

ಇನ್ನೊಂದು ಘಟನೆ ಕೆನಡಾದ ಒಂಟಾರಿಯೋ ಪ್ರಾಂತ್ಯದ ವಾಕರ್ಟನ್ ಎಂಬ ಊರಿನದು. ಅದು ಸುಮಾರು 5 ಸಾವಿರ ಜನರ ಸಣ್ಣ ಊರು. 2000ದ ಮೇ ತಿಂಗಳಲ್ಲಿ ಜೋರು ಮಳೆ ಸುರಿದು ಹತ್ತಿರದ ಹೊಲಕ್ಕೆ ಹಾಕಿದ್ದ ದನದ ಗೊಬ್ಬರದ ರೋಗಾಣುಗಳು ಊರಿಗೆ ನೀರು ಕೊಡುವ ಕಡಿಮೆ ಆಳದ ಬಾವಿಗೆ ಸೇರಿದವು. ನೀರಿಗೆ ಕ್ಲೋರಿನ್ ಸರಿಯಾಗಿ ಹಾಕಿರಲಿಲ್ಲ. 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಏಳು ಜನ ಸತ್ತರು. ನಂತರದ ವಿಚಾರಣೆಯಲ್ಲಿ ಆ ರೈತನ ತಪ್ಪಿಲ್ಲವೆಂದು ತಿಳಿಯಿತು. ಬಾವಿಯೇ ಇರಬಾರದ ಜಾಗದಲ್ಲಿ, ಸಾಕಷ್ಟು ರಕ್ಷಣೆಯಿಲ್ಲದೆ ಇತ್ತು.

ಸಾವಿರಾರು ಹಂದಿ, ದನಗಳನ್ನು ಒಂದೇ ಕಡೆ ಸಾಕುವ ದೇಶಗಳಲ್ಲಿ ಸೆಗಣಿ ನೀರನ್ನು ಕೆರೆಯಂಥ ಹೊಂಡಗಳಲ್ಲಿ ಕೂಡಿಡುತ್ತಾರೆ. ಅದು ನೆಲಕ್ಕಿಳಿಯದಂತೆ ಜೇಡಿಮಣ್ಣನ್ನು ಗಟ್ಟಿಯಾಗಿ ಧಮ್ಮಸ್ಸು ಮಾಡುತ್ತಾರೆ ಅಥವಾ ಹಾಳೆ ಹಾಸುತ್ತಾರೆ. ಯುರೋಪಿನ ದೇಶಗಳು 1991ರಲ್ಲಿಯೇ ನೈಟ್ರೇಟ್ ಕುರಿತು ಒಂದು ಕಾನೂನು ಮಾಡಿಕೊಂಡವು. ನೈಟ್ರೇಟಿನ ಅಪಾಯವಿರುವ ಪ್ರದೇಶಗಳಲ್ಲಿ ಒಂದು ಹೆಕ್ಟೇರಿಗೆ ವರ್ಷಕ್ಕೆ ದನದ ಗೊಬ್ಬರದಿಂದ 170 ಕಿಲೋಗಿಂತ ಹೆಚ್ಚು ಸಾರಜನಕ ಬೀಳಬಾರದೆಂಬುದು ಅದರ ಸಾಮಾನ್ಯ ನಿಯಮ.

ನಮ್ಮ ಸ್ಥಿತಿ ಹೇಗಿದೆ? ಕೇಂದ್ರೀಯ ಅಂತರ್ಜಲ ಮಂಡಳಿಯ 2024ರ ವರದಿಯ ಪ್ರಕಾರ ದೇಶದಲ್ಲಿ ಪರೀಕ್ಷಿಸಿದ ಸುಮಾರು ಐದು ಮಾದರಿಗಳಲ್ಲಿ ಒಂದರಲ್ಲಿ ನೈಟ್ರೇಟ್ ಮಿತಿ ಮೀರಿತ್ತು. ಕರ್ನಾಟಕದಲ್ಲಿ ಇದು ಶೇಕಡಾ 40ಕ್ಕೂ ಹೆಚ್ಚು. ಇದೆಲ್ಲ ದನದ ತಿಪ್ಪೆಯಿಂದಲೇ ಬಂತೆಂದು ಹೇಳುವಂತಿಲ್ಲ. ಹೊಲಕ್ಕೆ ಸುರಿಯುವ ರಾಸಾಯನಿಕ ಗೊಬ್ಬರ, ಪಾಯಖಾನೆಯ ಗುಂಡಿಗಳು, ಊರ ಗಟಾರಗಳು ಎಲ್ಲವೂ ಇದರಲ್ಲಿ ಪಾಲುದಾರರು. ಆದರೆ ಉಳಿದವಕ್ಕೆ ಸರಕಾರ, ಪಂಚಾಯಿತಿ ಬೇಕು. ತಿಪ್ಪೆಯನ್ನು ನಾವೇ ಸರಿಪಡಿಸಬಹುದು.

ಏನು ಮಾಡಬೇಕು?

ಮೊದಲನೆಯದು ಜಾಗ. ಬಾವಿ ಅಥವಾ ಬೋರಿನಿಂದ ತಿಪ್ಪೆ 100 ಅಡಿಗಿಂತ ಹತ್ತಿರ ಬೇಡ. ಅದೂ ಬಾವಿಗಿಂತ ತಗ್ಗಿನ ಕಡೆಗಿರಲಿ. ನಮ್ಮ ಬಹುಪಾಲು ವಸ್ತಿಗಳಲ್ಲಿ ಕೊಟ್ಟಿಗೆ ದಿನ್ನೆಯ ಮೇಲೆ, ಬಾವಿ ತಗ್ಗಿನಲ್ಲಿ ಇರುತ್ತದೆ.

ಎರಡನೆಯದು ತಳ. ಫರಸಿ ಕಲ್ಲು ಹಾಸಿ ಸಂದಿಗೆ ಸಿಮೆಂಟು ತುಂಬುವುದು ಉತ್ತಮ. ಅದಾಗದಿದ್ದರೆ ಹದವಾದ ಎರೆಮಣ್ಣನ್ನು ಒಂದು ಅಡಿ ದಪ್ಪ ಹಾಕಿ ಪದರಪದರವಾಗಿ ಕುಟ್ಟಬೇಕು. ಗೊಬ್ಬರ ತೆಗೆದ ಮೇಲೆ ತಳ ಒಣಗಿ ಬಿರಿಯಲು ಬಿಡದೆ ಕೂಡಲೇ ಹೊಸ ಸೆಗಣಿ ಹಾಕಬೇಕು. ಹೊಂಡಕ್ಕೆ ಬಳಸುವಂಥ ಹಾಳೆ ಹಾಸಿದರೆ ಸಲಿಕೆಯ ಏಟಿಗೆ ಹರಿಯದಂತೆ ಮೇಲೆ ಮಣ್ಣಿನ ಪದರ ಇರಲಿ.

ಮೂರನೆಯದು ಮಳೆನೀರು. ತಿಪ್ಪೆಯನ್ನು ತೊಳೆದು ಒಯ್ಯುವುದೇ ಅದು. ಸುತ್ತ ಒಂದು ಒಡ್ಡು ಹಾಕಿ ಹೊರಗಿನ ನೀರು ಒಳಬರದಂತೆ ಮಾಡಿರಿ. ಮೇಲೆ ತೊಗರಿ ಕಟ್ಟಿಗೆಯದಾದರೂ ಒಂದು ಚಪ್ಪರವಿದ್ದು ಅದರ ಮೇಲೆ ಮಳೆಗಾಲದಲ್ಲಿ ತಾಡಪತ್ರಿ ಹೊದಿಸಿದರೆ ಅರ್ಧ ಕೆಲಸವಾದಂತೆ.

ನಾಲ್ಕನೆಯದು ಗಂಜಲ. ಕೊಟ್ಟಿಗೆಯ ನೆಲಕ್ಕೆ ಇಳಿಜಾರು ಕೊಟ್ಟು, ಮೋರಿ ಮಾಡಿ, ಸಿಮೆಂಟಿನ ಸಣ್ಣ ತೊಟ್ಟಿಗೆ ಕೂಡಿಸಿರಿ. ದನ ತಿಂದು ಬಿಟ್ಟ ಕಣಿಕೆ, ಹೊಟ್ಟು ಹಾಸಿದರೆ ಅವೂ ಗಂಜಲ ಹೀರಿಕೊಂಡು ಒಳ್ಳೆಯ ಗೊಬ್ಬರವಾಗುತ್ತವೆ. ಗೋಬರ್ ಗ್ಯಾಸ್ ಇರುವವರು ಹೊರಬರುವ ಬಗ್ಗಡದ ಗುಂಡಿಗೂ ಗಚ್ಚು ಮಾಡಿಸಬೇಕು. ಗ್ಯಾಸ್ ಹೋದರೂ ಸಾರಜನಕ ಅದರಲ್ಲೇ ಉಳಿದಿರುತ್ತದೆ.

ಐದನೆಯದು ಬಾವಿಯ ರಕ್ಷಣೆ. ಬಾವಿಗೆ ಕಟ್ಟೆ, ಸುತ್ತ ಹೊರಕ್ಕೆ ಇಳಿಜಾರಾದ ಗಚ್ಚು ಬೇಕು. ಬೋರಿನ ಕೇಸಿಂಗ್ ಪೈಪು ಮತ್ತು ನೆಲದ ನಡುವಿನ ಸಂದಿಯನ್ನು ಸಿಮೆಂಟಿನಿಂದ ಮುಚ್ಚಬೇಕು. ಬೋರಿನ ಸುತ್ತ ಇಂಗುಗುಂಡಿ ಮಾಡಿದವರು ಕೊಟ್ಟಿಗೆಯ ಅಂಗಳದ ನೀರನ್ನು ಅದಕ್ಕೆ ತಿರುಗಿಸಲೇಬಾರದು. ಬತ್ತಿದ ಬಾವಿಗೆ ಕಸ, ಸೆಗಣಿ, ಸತ್ತ ಕೋಳಿ ಹಾಕುವ ರೂಢಿ ಎಲ್ಲಕ್ಕಿಂತ ಕೆಟ್ಟದ್ದು. ಅದು ಅಂತರ್ಜಲಕ್ಕೆ ನೇರ ಬಾಗಿಲು.

ಇಷ್ಟಾದ ಮೇಲೆ ವರ್ಷಕ್ಕೆ ಎರಡು ಸಲ, ಮಳೆಗಾಲದ ಮೊದಲು ಮತ್ತು ನಂತರ, ನೀರನ್ನು ಪರೀಕ್ಷಿಸಿರಿ. ಮಿತಿ ಮೀರಿದ್ದರೆ ಎಳೆಗೂಸಿಗೆ ಆ ನೀರು ಬೇಡ. ಬಟ್ಟೆಯಲ್ಲಿ ಸೋಸುವುದು, ಕುದಿಸುವುದು, ಕ್ಲೋರಿನ್ ಹಾಕುವುದು ಇವಾವುವೂ ನೈಟ್ರೇಟನ್ನು ತೆಗೆಯವು. ಊರಿನ ಆರ್.ಓ. ಘಟಕ ಅದನ್ನು ಬಹಳಷ್ಟು ಕಡಿಮೆ ಮಾಡುತ್ತದೆ.

ನೀವೇ ಮಾಡಿ ನೋಡಿರಿ

ಎರಡು ಪ್ಲಾಸ್ಟಿಕ್ ಬಾಟಲಿಗಳ ತಳ ಕತ್ತರಿಸಿ ತಲೆಕೆಳಗು ಮಾಡಿರಿ. ಬಾಯಿಗೆ ಬಟ್ಟೆ ಕಟ್ಟಿ, ಎರೆಮಣ್ಣು ಮತ್ತು ತೊಳೆದ ಮರಳನ್ನು ಸಮನಾಗಿ ಬೆರೆಸಿ ಅರ್ಧದವರೆಗೆ ತುಂಬಿರಿ. ಮೊದಲು ಬರೀ ನೀರು ಹಾಕಿ ನೆನೆಸಿರಿ. ಶಾಲೆಯ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಮೆಥಿಲೀನ್ ನೀಲಿ ಮತ್ತು ಇಯೋಸಿನ್ ಕೆಂಪು ಎಂಬ ಎರಡು ಬಣ್ಣಗಳಿರುತ್ತವೆ. ಎರಡನ್ನೂ ತೆಳುವಾಗಿ ನೀರಿನಲ್ಲಿ ಕಲಸಿ ಒಂದೊಂದು ಬಾಟಲಿಗೆ ಸುರಿಯಿರಿ. ನೀಲಿ ಬಣ್ಣ ಧನ ಆವೇಶದ್ದು, ಮಣ್ಣು ಅದನ್ನು ಹಿಡಿದು ತಿಳಿನೀರನ್ನು ಬಿಡುತ್ತದೆ. ಕೆಂಪು ಋಣ ಆವೇಶದ್ದು, ಅದು ಮಣ್ಣನ್ನು ದಾಟಿ ಕೆಳಗೆ ಹನಿಯುತ್ತದೆ. ನೀಲಿ ಅಮೋನಿಯಂ ಹಾಗೆ, ಕೆಂಪು ನೈಟ್ರೇಟ್ ಹಾಗೆ. ಈ ಪ್ರಯೋಗವನ್ನು ಕಂಡ ಮಗು ಸಾರಜನಕ ಚಕ್ರವನ್ನು ಮರೆಯಲಾರದು.

ಅಣ್ಣನ ತಿಪ್ಪೆ

ನಮ್ಮ ವಸ್ತಿಯ ತಿಪ್ಪೆ ಬಾವಿಯಿಂದ ಇಪ್ಪತ್ತೆರಡು ಹೆಜ್ಜೆ ದೂರದಲ್ಲಿತ್ತು. ಅದನ್ನು ಕದಲಿಸೋಣವೆಂದಾಗ ಅಣ್ಣ ಸಿಟ್ಟಿಗೆದ್ದ. ‘ಅಪ್ಪನ ಕಾಲದಿಂದ ತಿಪ್ಪಿ ಇಲ್ಲೇ ಐತಿ. ಇದೇ ನೀರು ಕುಡದು ನೀ ಬಿ.ಎಸ್ಸಿ. ಮಾಡಿಯಲ್ಲೋ ತಮ್ಮಾ!’ ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಅಪ್ಪನ ಕಾಲದಲ್ಲಿ ಇದ್ದದ್ದು ಎರಡು ಎತ್ತು, ಒಂದು ಆಕಳು. ಕೊಟ್ಟಿಗೆಯನ್ನು ಕಸಬರಿಗೆಯಿಂದ ಗುಡಿಸುತ್ತಿದ್ದರು. ಈಗ ಎಂಟು ಮಿಶ್ರತಳಿಯ ಆಕಳುಗಳಿವೆ, ಮೋಟಾರು ಹಚ್ಚಿ ಪೈಪಿನಿಂದ ದಿನಕ್ಕೆ ಎರಡು ಸಲ ತೊಳೆಯುತ್ತಾರೆ. ತಿಪ್ಪೆ ಇದ್ದಲ್ಲೇ ಇದೆ, ಅದಕ್ಕೆ ಬೀಳುವುದು ಹೆಚ್ಚಾಗಿದೆ, ಬಾವಿಯಲ್ಲಿ ನೀರು ಕಡಿಮೆಯಾಗಿದೆ.

ಈ ವಾದ ಅವನ ಮೇಲೆ ನಡೆಯಲಿಲ್ಲ. 11 ಕಿಲೋ ಯೂರಿಯಾದ ಲೆಕ್ಕಕ್ಕೆ ಸ್ವಲ್ಪ ಕಿವಿಗೊಟ್ಟ. ಆಗ ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು, ‘ಮುತ್ಯಾ, ಹೊಂಡಕ್ಕ ಹಾಳಿ ಹಾಸೀರಿ. ತಿಪ್ಪಿಗ್ಯಾಕ ಹಾಸಿಲ್ಲ?’ ಎಂದಳು. ಅಣ್ಣ ಉತ್ತರ ಕೊಡಲಿಲ್ಲ. ಬಹಳ ಹೊತ್ತು ಹೊಂಡದ ಕಡೆ ನೋಡುತ್ತ ಕುಳಿತಿದ್ದ.

ಆ ಬೇಸಿಗೆಯಲ್ಲಿ ತಿಪ್ಪೆ ತೋಟದ ತಗ್ಗಿನ ಮೂಲೆಗೆ ಹೋಯಿತು. ತಳಕ್ಕೆ ಹಳೆಯ ಮನೆಯ ಫರಸಿ ಕಲ್ಲುಗಳು ಬಂದವು. ಬಾವಿಯ ನೀರು ಮಾತ್ರ ಮುಂದಿನ ವರ್ಷವೂ ಗುಲಾಬಿಯಾಯಿತು, ಬಣ್ಣ ತುಸು ತೆಳುವಾಗಿತ್ತು ಅಷ್ಟೇ. ವರ್ಷಗಟ್ಟಲೆ ನೆಲಕ್ಕೆ ಇಳಿದದ್ದು ಒಂದೇ ಮಳೆಗಾಲದಲ್ಲಿ ತೊಳೆದುಹೋಗುವುದಿಲ್ಲ. ಮೊಮ್ಮಗಳು ತನ್ನ ನೋಟುಬುಕ್ಕಿನಲ್ಲಿ ಒಂದು ಪುಟ ಬಿಟ್ಟಿದ್ದಾಳೆ. ಪ್ರತಿ ಮಳೆಗಾಲದ ಮೊದಲು ಮತ್ತು ನಂತರ ಬಣ್ಣದ ಗುರುತು ಹಾಕುತ್ತಾಳೆ.

ಪಾಲಕರೇ, ಈ ಭಾನುವಾರ ಮಕ್ಕಳನ್ನು ಕರೆದುಕೊಂಡು ನಿಮ್ಮ ತಿಪ್ಪೆಯಿಂದ ಬಾವಿಯವರೆಗೆ ಒಮ್ಮೆ ಹೆಜ್ಜೆ ಎಣಿಸಿರಿ. ಇಳಿಜಾರು ಯಾವ ಕಡೆಗಿದೆಯೆಂದು ಅವರನ್ನೇ ಕೇಳಿರಿ.